ಇಂಜಿನ್ ಮೌಂಟಿಂಗ್ ಮನೆಯಲ್ಲೇ ಬದಲಾಯಿಸಬಹುದಾ? ಸ್ವಿಫ್ಟ್ ಪೆಟ್ರೋಲ್ 2012, ದಾವಣಗೆರೆ

ನಿಟ್ಟುವಳ್ಳಿ17

ಎಲ್ಲರಿಗೂ ನಮಸ್ಕಾರ. ಗಾಡಿ 2012ರ ಸ್ವಿಫ್ಟ್ ಪೆಟ್ರೋಲ್, 1,18,000 ಕಿ.ಮೀ. ಓಡಿದೆ. ಅಪ್ಪ ತಗೊಂಡ ಗಾಡಿ, ಈಗ ನನ್ನ ಕೈಗೆ ಬಂದಿದೆ. ಇಷ್ಟು ವರ್ಷ ಏನೂ ತಕರಾರು ಮಾಡಿಲ್ಲ ಪಾಪ. ಮೂರು ತಿಂಗಳಿಂದ ಮಾತ್ರ ಒಂದು ಕಾಟ ಶುರುವಾಗಿದೆ. ಸಿಗ್ನಲ್‌ನಲ್ಲಿ ನಿಂತು ಎಸಿ ಹಾಕಿದರೆ ಸ್ಟೀರಿಂಗ್ ನಡುಗುತ್ತದೆ, ಸೀಟೂ ನಡುಗುತ್ತದೆ, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಕೂತಲ್ಲೇ ಕುಣಿಯುತ್ತಾನೆ. ಓಡುವಾಗ ಏನೂ ಇಲ್ಲ, ಹೈವೇಗೆ ಹತ್ತಿಸಿದರೆ ಆರಾಮಾಗಿ ಹೋಗುತ್ತದೆ. ಆದರೆ ಮನೆ ಮುಂದೆ ರಿವರ್ಸ್ ಹಾಕಿ ಕ್ಲಚ್ ಬಿಟ್ಟ ತಕ್ಷಣ ಮುಂದುಗಡೆಯಿಂದ ‘ದಡ್’ ಅಂತ ಒಂದು ಏಟು. ಫಸ್ಟ್ ಗೇರ್ ಹಾಕಿದರೆ ಇನ್ನೊಂದು. ಪಕ್ಕದ ಮನೆ ಅಜ್ಜಿ ‘ಏನಪ್ಪಾ, ಗೇಟಿಗೆ ಗುದ್ದಿದೆಯಾ’ ಅಂತ ಕೇಳುತ್ತಾರೆ.

ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿದರು, ಒಂದು ಸಲ ಜೋರಾಗಿ ರೇಸ್ ಕೊಟ್ಟರು, ಇಂಜಿನ್ ಅಲ್ಲಾಡಿತು. ‘ನೋಡಿ ಸರ್, ಮೂರೂ ಫೌಂಡೇಶನ್ ಹೋಗಿವೆ’ ಅಂದರು, ಅಂದರೆ ಇಂಜಿನ್ ಹೊತ್ತಿರೋ ರಬ್ಬರ್ ಮೌಂಟಿಂಗ್‌ಗಳು. ಪಾರ್ಟ್ಸು, ಲೇಬರ್ ಎಲ್ಲಾ ಸೇರಿ 9,000. ಎಲ್ಲಾ ಸೇರಿ ಅರ್ಧ ನಿಮಿಷದ ಪರೀಕ್ಷೆ ಅದು. ಇನ್ನೊಬ್ಬರ ಹತ್ತಿರ ಹೋದರೆ ಅವರು ಮೌಂಟಿಂಗ್ ಚೆನ್ನಾಗಿದೆ, ಪ್ಲಗ್ ಹಾಕಿಸಿ ಅಂದರು. ಯಾರನ್ನ ನಂಬೋದು?

ಯೂಟ್ಯೂಬ್‌ನಲ್ಲಿ ನೋಡಿದರೆ ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬೋಲ್ಟ್ ಹಾಕೋ ಕೆಲಸ ಅನಿಸುತ್ತದೆ. ನನ್ನ ಹತ್ತಿರ 10ರಿಂದ 19ರವರೆಗೆ ಸಾಕೆಟ್ ಸೆಟ್ ಇದೆ, ರಿಂಗ್ ಸ್ಪ್ಯಾನರ್ ಇದೆ, 2 ಟನ್‌ನ ಹೈಡ್ರಾಲಿಕ್ ಜಾಕಿ ಇದೆ. ಮನೆ ಮುಂದೆ ಸಿಮೆಂಟ್ ನೆಲ. ಮನೆ ಕಟ್ಟಿದಾಗ ಉಳಿದ ಹಾಲೋ ಬ್ಲಾಕ್ ನಾಲ್ಕೈದು ಬಿದ್ದಿವೆ, ಗಾಡಿ ಎತ್ತಿ ಅದರ ಮೇಲೆ ಕೂರಿಸಿದರೆ ಆಗುತ್ತದೆ ಅಲ್ವಾ? ಯಾರಾದರೂ ಮನೆಯಲ್ಲೇ ಮಾಡಿದವರು ಇದ್ದರೆ ಹೇಳಿ. ದುಡ್ಡು ಉಳಿಸೋದೊಂದೇ ಅಲ್ಲ, ಕಲಿಯೋ ಆಸೆಯೂ ಇದೆ.

ಮಂಡಕ್ಕಿ_ಮಿರ್ಚಿ

ಮೌಂಟಿಂಗ್ ವಿಷಯ ಆಮೇಲೆ. ಮೊದಲು ಆ ಹಾಲೋ ಬ್ಲಾಕ್ ಎತ್ತಿ ಕಾಂಪೌಂಡ್ ಆಚೆ ಇಡಿ.

ತಮಾಷೆ ಅಲ್ಲ ಗುರು. ಆ ಬ್ಲಾಕ್ ಇರೋದು ಸಾಲಾಗಿ ಜೋಡಿಸಿ ಗೋಡೆ ಕಟ್ಟೋಕೆ. ಗಾಡಿಯ ಭಾರ ಬಂದು ಒಂದೇ ಬೊಟ್ಟಿನಷ್ಟು ಜಾಗದಲ್ಲಿ ಕೂತರೆ ಅದು ಬಿರುಕು ಬಿಟ್ಟು ತೋರಿಸೋದಿಲ್ಲ, ಒಂದೇ ಏಟಿಗೆ ಪುಡಿ ಆಗುತ್ತದೆ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಹೀಗೇ ಸೈಲೆನ್ಸರ್ ಬಿಚ್ಚೋಕೆ ಹೋಗಿದ್ದ, ಚಹಾ ಕುಡಿಯೋಕೆ ಅಂತ ಆಚೆ ಬಂದಿದ್ದಾಗ ಗಾಡಿ ಕೂತಿತು. ಆ ಚಹಾ ಇಲ್ಲದಿದ್ದರೆ ಅವತ್ತು ಅವನ ಕಥೆ ಅಷ್ಟೇ. ಜಾಕಿ ಅನ್ನೋದು ಎತ್ತೋಕೆ ಮಾತ್ರ, ಹಿಡಿದುಕೊಳ್ಳೋಕೆ ಅಲ್ಲ. ಒಂದು ಜೊತೆ ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿ ಹೊರೋ ಕಬ್ಬಿಣದ ಕಾಲು) ತಗೊಳ್ಳಿ, ಇಲ್ಲ ಅಂದರೆ ಗಾಡಿ ಕೆಳಗೆ ತೂರೋ ಕೆಲಸವನ್ನೇ ಬಿಟ್ಟುಬಿಡಿ.

ಹಳೇ_ಮೇಸ್ತ್ರಿ

ತಮ್ಮಾ, ನಾನು ಮೂವತ್ತು ವರ್ಷ ಗ್ಯಾರೇಜ್ ನಡೆಸಿ ಈಗ ಮೊಮ್ಮಗಳನ್ನ ಸ್ಕೂಲಿಗೆ ಬಿಡೋ ಕೆಲಸ ಮಾಡುತ್ತಿದ್ದೇನೆ. ಟೈಮ್ ಇದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ರೇಸ್ ಕೊಟ್ಟು ಇಂಜಿನ್ ಅಲ್ಲಾಡಿಸಿ ತೋರಿಸೋದು ನಮ್ಮ ಕಸುಬಿನ ಹಳೇ ಆಟ. ಹೊಸಾ ಗಾಡಿ ತಂದು ರೇಸ್ ಕೊಟ್ಟರೂ ಇಂಜಿನ್ ಒಂದಿಷ್ಟು ಹೊರಳುತ್ತದೆ. ಹೊರಳಲಿ ಅಂತಲೇ ಕೆಳಗೆ ರಬ್ಬರ್ ಹಾಕಿರೋದು. ನೋಡೋರಿಗೆ ಎದೆ ಝಲ್ ಅನ್ನುತ್ತದೆ, ಬಿಲ್ ಆಗುತ್ತದೆ. ಹಾಗಂತ ನಿಮ್ಮ ಗ್ಯಾರೇಜಿನವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಆ ‘ದಡ್’ ಶಬ್ದ ಕೇಳಿದರೆ ಒಂದಾದರೂ ಹೋಗಿರಬೇಕು. ಆದರೆ ಯಾವುದು ಅಂತ ನೋಡದೆ ಮೂರೂ ಹೋಗಿವೆ ಅಂದರೆ ಅದು ಅಂದಾಜು.

ನಿಮ್ಮ ಗಾಡಿಯಲ್ಲಿ ಇಂಜಿನ್ ಅಡ್ಡಕ್ಕೆ ಕೂತಿದೆ. ಡ್ರೈವರ್ ಸೈಡಿನಲ್ಲಿ ಚೈನ್ ಕವರ್ ಹತ್ತಿರ ಒಂದು ಮೌಂಟಿಂಗ್, ಕ್ಲೀನರ್ ಸೈಡಿನಲ್ಲಿ ಗೇರ್‌ಬಾಕ್ಸ್ ಮೇಲೆ ಒಂದು, ಹಿಂದೆ ಕೆಳಗಡೆ ಒಂದು. ತೊಟ್ಟಿಲು ನೋಡಿದ್ದೀರಲ್ಲ, ಹಾಗೇ ಲೆಕ್ಕ ಹಾಕಿ. ಮೇಲಿನ ಎರಡು ಹಗ್ಗ ಇದ್ದ ಹಾಗೆ, ಭಾರ ಹೊರುತ್ತವೆ. ಕೆಳಗಿನದು ತೊಟ್ಟಿಲು ಅತ್ತಿತ್ತ ಜಾಸ್ತಿ ಹೊಯ್ದಾಡದ ಹಾಗೆ ಹಿಡಿದ ಕೈ. ಭಾರ ಹೊರೋದು ಹೋದರೆ ನಿಂತಾಗ ನಡುಕ ಜಾಸ್ತಿ. ಕೆಳಗಿನದು ಹೋದರೆ ಕ್ಲಚ್ ಬಿಡುವಾಗ, ಗೇರ್ ಬದಲಾಯಿಸುವಾಗ ಏಟು ಜಾಸ್ತಿ. ಇದು ಪಕ್ಕಾ ಗೆರೆ ಅಲ್ಲ, ಒಂದು ಹೋದರೆ ಉಳಿದವುಗಳ ಮೇಲೆ ಭಾರ ಬಿದ್ದು ಎಲ್ಲಾ ಕಲಸಿಕೊಳ್ಳುತ್ತದೆ.

ಮನೆಯಲ್ಲೇ ಹೀಗೆ ನೋಡಿ. ಇಂಜಿನ್ ತಣ್ಣಗಿರಲಿ. ಟಾರ್ಚ್ ಹಿಡಿದು ಒಂದೊಂದೇ ರಬ್ಬರ್ ನೋಡಿ. ಮೇಲೆ ಮೇಲೆ ಸಣ್ಣ ಗೆರೆ ಬಿದ್ದಿದ್ದರೆ ಅದು ವಯಸ್ಸು, ಬಿಡಿ. ರಬ್ಬರ್ ಕಬ್ಬಿಣದಿಂದ ಕಿತ್ತು ಬಂದಿದ್ದರೆ, ಒಂದು ಕಡೆ ಕುಸಿದು ಕೂತಿದ್ದರೆ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಹೊಳೆಯೋ ಗುರುತು ಇದ್ದರೆ ಅದು ಹೋಗಿದೆ. ಕೆಲವು ಗಾಡಿಗಳ ಮೌಂಟಿಂಗ್ ಒಳಗೆ ದ್ರವ ತುಂಬಿರುತ್ತಾರೆ, ಅಂಥದ್ದು ಒಡೆದರೆ ಕಪ್ಪಗೆ ಜಿಡ್ಡು ಇಳಿದಿರುತ್ತದೆ.

ಆಮೇಲೆ ನಂಬಿಕಸ್ಥರೊಬ್ಬರನ್ನ ಸೀಟಿನಲ್ಲಿ ಕೂರಿಸಿ. ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ, ಫಸ್ಟ್ ಗೇರ್‌ನಲ್ಲಿ ಹಾಫ್ ಕ್ಲಚ್‌ಗೆ ಬಂದು ಗಾಡಿ ಎಳೆಯೋ ಹೊತ್ತಿಗೆ ಮತ್ತೆ ಕ್ಲಚ್ ಒತ್ತಲಿ. ರಿವರ್ಸ್‌ನಲ್ಲೂ ಹಾಗೇ. ಎರಡು ಸೆಕೆಂಡ್ ಸಾಕು, ಜಾಸ್ತಿ ಹಿಡಿದರೆ ಕ್ಲಚ್ ಸುಟ್ಟು ಅದರ ಬಿಲ್ ಬೇರೆ ಬರುತ್ತದೆ. ನೀವು ಪಕ್ಕಕ್ಕೆ ನಿಂತು ನೋಡಿ, ಗಾಡಿ ಮುಂದೆ ಯಾವ ಕಾರಣಕ್ಕೂ ನಿಲ್ಲಬೇಡಿ. ಇಂಜಿನ್ ಸ್ವಲ್ಪ ಹೊರಳಿ ನಿಂತರೆ ಸರಿ. ಎಗರಿ ಬಿದ್ದ ಹಾಗೆ ಒಂದು ಇಂಚಿನ ಮೇಲೆ ಜಿಗಿದರೆ, ಎಲ್ಲಿಂದ ಜಿಗಿಯಿತು ಅನ್ನೋದು ಅಲ್ಲೇ ಕಾಣುತ್ತದೆ.

ಇದರ ಜೊತೆ ಸೈಲೆನ್ಸರ್ ಹತ್ತಿರ ಕಿವಿ ಇಟ್ಟು ಕೇಳಿ. ಒಂದೇ ಸಮ ಬರುತ್ತಿದ್ದರೆ ಸರಿ. ನಡುನಡುವೆ ಎಡವಿದ ಹಾಗೆ ಬಂದರೆ ಮಿಸ್ಸಿಂಗ್ ಇದೆ, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಆಗ ಪ್ಲಗ್, ಕಾಯಿಲ್, ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡೋ ಬಾಯಿ) ಕಡೆ ನೋಡಬೇಕು. ಇಂಜಿನ್ನೇ ಕೆಮ್ಮುತ್ತಿದ್ದರೆ ಮೂರು ಹೊಸಾ ಮೌಂಟಿಂಗ್ ಹಾಕಿದರೂ ಗಣಪತಿ ಕುಣಿಯೋದು ನಿಲ್ಲಲ್ಲ.

ಕೋಟೆ_ವ್ಯಾಗನಾರ್

ನಾನು ಚಿತ್ರದುರ್ಗ. ಹೋದ ವರ್ಷ ನನ್ನ ವ್ಯಾಗನಾರ್‌ಗೆ ಗೇರ್‌ಬಾಕ್ಸ್ ಮೇಲಿನದನ್ನ ಮನೆಯಲ್ಲೇ ಹಾಕಿದೆ. ಆಗುತ್ತದೆ, ಖಂಡಿತ ಆಗುತ್ತದೆ. ಆದರೆ ನಾನು ಅದನ್ನ ಎರಡು ಸಲ ಮಾಡಿದೆ, ಆ ಕಥೆ ಕೇಳಿ.

ಅಂಗಡಿಗೆ ಹೋಗಿ ಮೌಂಟಿಂಗ್ ಕೇಳಿದೆ. ‘ಕಂಪನಿದಾ, ಲೋಕಲ್ಲಾ?’ ಅಂದರು. ನೋಡೋಕೆ ಎರಡೂ ಒಂದೇ. ಲೋಕಲ್ ಅರ್ಧ ರೇಟು. ರಬ್ಬರ್ ತಾನೇ, ಅದರಲ್ಲೇನು ಅಂತ ಲೋಕಲ್ ತಂದು ಅರ್ಧ ದಿನ ಬೆವರು ಸುರಿಸಿ ಹಾಕಿದೆ. ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜಾಸ್ತಿ ನಡುಕ! ರಬ್ಬರ್ ಕಲ್ಲಿನ ಹಾಗೆ ಗಟ್ಟಿ ಇತ್ತು. ನಡುಕವನ್ನ ಹೀರಿಕೊಳ್ಳೋ ಬದಲು ಹಾಗೇ ಗಾಡಿಯ ಮೈಗೆ ದಾಟಿಸುತ್ತಿತ್ತು. ನಾಲ್ಕು ತಿಂಗಳಿಗೆ ಅದೇ ರಬ್ಬರ್ ಅಂಚಿನಲ್ಲಿ ಬಿಟ್ಟಿತು. ಮತ್ತೆ ಬಿಚ್ಚಿ ಕಂಪನಿದು ಹಾಕಿದೆ. ಹೀಗಾಗಿ ಎಲ್ಲಾದರೂ ಉಳಿಸಿ, ರಬ್ಬರ್‌ನಲ್ಲಿ ಮಾತ್ರ ಬೇಡ. ತರುವಾಗ ಗಾಡಿಯ ಚಾಸಿಸ್ ನಂಬರ್ ಕೊಟ್ಟು ತನ್ನಿ. ಒಂದೇ ಮಾಡೆಲ್‌ನ ಪೆಟ್ರೋಲ್‌ಗೂ ಡೀಸೆಲ್‌ಗೂ ಮೌಂಟಿಂಗ್ ಬೇರೆ ಇರುತ್ತದೆ.

ಇನ್ನೊಂದು, ಮೌಂಟಿಂಗ್ ಮೇಲೆ ಇಂಜಿನ್ ಆಯಿಲ್ ಸೋರಿದೆಯಾ ನೋಡಿ. ಆಯಿಲ್ ಬಿದ್ದರೆ ರಬ್ಬರ್ ಉಬ್ಬಿ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಮೇಲಿನ ಕವರ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಮೊದಲು ಅದನ್ನ ಸರಿಮಾಡಿ, ಇಲ್ಲ ಅಂದರೆ ಹೊಸದಕ್ಕೂ ಅದೇ ಗತಿ.

ಮೆಕ್ಯಾನಿಕಲ್_ಬ್ಯಾಕ್‌ಬೆಂಚ್

ಸುಮ್ನೆ ಒಂದು ಲೆಕ್ಕ. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಇಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಪೆಟ್ರೋಲ್ ಉರಿಯುತ್ತದೆ. ನಿಂತಾಗ 750 ಆರ್‌ಪಿಎಂ (ನಿಮಿಷಕ್ಕೆ 750 ಸುತ್ತು) ಇದೆ ಅಂದುಕೊಳ್ಳಿ, ಸೆಕೆಂಡಿಗೆ 25 ಏಟು ಬಿತ್ತು. ವ್ಯಾಗನಾರ್‌ನ ಮೂರು ಸಿಲಿಂಡರ್ ಇಂಜಿನ್‌ಗೆ ಒಂದು ಸುತ್ತಿನಲ್ಲಿ ಒಂದೂವರೆ, ಅಂದರೆ ಸೆಕೆಂಡಿಗೆ 19ರ ಹತ್ತಿರ. ಏಟು ನಿಧಾನವಾದಷ್ಟೂ ಮೈಗೆ ಜಾಸ್ತಿ ಗೊತ್ತಾಗುತ್ತದೆ. ಅದಕ್ಕೇ ಮೂರು ಸಿಲಿಂಡರ್ ಗಾಡಿ ಹೊಸದರಲ್ಲೇ ಸ್ವಲ್ಪ ನಡುಗುತ್ತದೆ, ಅದಕ್ಕೆ ಮೌಂಟಿಂಗ್ ಬೈಯಬಾರದು. ನಿಮ್ಮ 2012ರ ಸ್ವಿಫ್ಟ್ ನಾಲ್ಕು ಸಿಲಿಂಡರ್, ಅದು ಗಣಪತಿ ಕುಣಿಯೋ ಅಷ್ಟು ನಡುಗಬಾರದು. ಎಸಿ ಹಾಕಿದಾಗ ಜಾಸ್ತಿ ಆಗೋದು ಯಾಕೆ ಅಂದರೆ ಕಂಪ್ರೆಸರ್ ಭಾರ ಬೀಳುತ್ತದೆ, ಪ್ರತಿ ಏಟೂ ಜೋರಾಗುತ್ತದೆ.

ಪರೀಕ್ಷೆಯಲ್ಲಿ ಇದನ್ನೇ ಕೇಳಿದ್ದರು, ಆಗ ಬರೆಯಲಿಲ್ಲ. ಈಗ ಬರೆದೆ.

ನಿಟ್ಟುವಳ್ಳಿ17

ಎಲ್ಲರಿಗೂ ಥ್ಯಾಂಕ್ಸ್. ಹಾಲೋ ಬ್ಲಾಕ್ ಗಿಡಗಳ ಸುತ್ತ ಇಟ್ಟಾಯಿತು, ಅಮ್ಮನಿಗೆ ಖುಷಿ.

ಮೇಸ್ತ್ರಿ ಸರ್ ಹೇಳಿದ ಹಾಗೆ ನೋಡಿದೆ. ತಂಗಿಯನ್ನ ಸೀಟಿನಲ್ಲಿ ಕೂರಿಸಿದೆ, ಅವಳು ನನಗಿಂತ ಚೆನ್ನಾಗಿ ಹಾಫ್ ಕ್ಲಚ್ ಹಿಡಿಯುತ್ತಾಳೆ. ಫಸ್ಟ್‌ನಲ್ಲಿ ಸ್ವಲ್ಪ ಹೊರಳಿತು. ರಿವರ್ಸ್‌ನಲ್ಲಿ ಮಾತ್ರ ಕ್ಲೀನರ್ ಸೈಡಿನಲ್ಲಿ ಗೇರ್‌ಬಾಕ್ಸ್ ಎದ್ದು ಕೂತಿತು, ಬ್ಯಾಟರಿ ಟ್ರೇ ಕೂಡ ಅಲ್ಲಾಡಿತು. ಅದೇ ‘ದಡ್’ ಶಬ್ದ. ಬ್ಯಾಟರಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ರಬ್ಬರ್ ಅರ್ಧಚಂದ್ರದ ಹಾಗೆ ಕಿತ್ತು ಬಂದಿದೆ. ಡ್ರೈವರ್ ಸೈಡಿನದು ಗಟ್ಟಿ ಇದೆ, ಮೇಲೆ ಸಣ್ಣ ಗೆರೆಗಳು ಅಷ್ಟೇ. ಕೆಳಗಿನದು ಮೊಬೈಲ್ ತೂರಿಸಿ ಫೋಟೋ ತೆಗೆದೆ, ಬುಷ್ ಬಿರುಕು ಬಿಟ್ಟಿದೆ, ಆದರೆ ಹಿಡಿದುಕೊಂಡಿದೆ. ಸೈಲೆನ್ಸರ್ ಶಬ್ದ ಒಂದೇ ಸಮ ಬರುತ್ತಿದೆ, ಎಸಿ ಹಾಕಿದ ತಕ್ಷಣ ಮಾತ್ರ ಒಂದು ಸಲ ತಗ್ಗಿ ಮೇಲೇಳುತ್ತದೆ.

ಹಾಗಾದರೆ ಗೇರ್‌ಬಾಕ್ಸ್ ಮೇಲಿನದನ್ನ ನಾನೇ ಹಾಕಲಾ?

ಹಳೇ_ಮೇಸ್ತ್ರಿ

ಹಾಕಿ. ಮೂರರಲ್ಲಿ ಮನೆಯಲ್ಲಿ ಮಾಡೋಕೆ ಸಲೀಸಾದದ್ದು ಅದೇ. ನಾಲ್ಕೂ ಚಕ್ರ ನೆಲದ ಮೇಲೇ ಇರುತ್ತವೆ, ನೀವು ಕೆಳಗೆ ತೂರೋದು ಬೇಕಿಲ್ಲ. ಕೆಳಗಿನದಕ್ಕೆ ಗಾಡಿ ಎತ್ತಬೇಕು, ಅದನ್ನ ಪಿಟ್ ಇರೋ ಗ್ಯಾರೇಜಿನಲ್ಲಿ ಮಾಡಿಸಿ. ಪಾರ್ಟ್ ನೀವೇ ಒಯ್ಯಿರಿ, ಲೇಬರ್ ಮಾತ್ರ ಕೊಡಿ.

ಬೆಳಿಗ್ಗೆ ಬೇಗ ಶುರು ಮಾಡಿ, ಇಂಜಿನ್ ತಣ್ಣಗಿರುತ್ತದೆ, ನಮ್ಮೂರ ಬಿಸಿಲೂ ಇರೋದಿಲ್ಲ. ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಪ್ಲಸ್ ಆಮೇಲೆ. ಬ್ಯಾಟರಿ, ಟ್ರೇ ಎತ್ತಿ ಆಚೆ ಇಡಿ. ಈಗ ಮೌಂಟಿಂಗ್ ಕಾಣುತ್ತದೆ. ಒಂದು ಫೋಟೋ ತೆಗೆದುಕೊಳ್ಳಿ, ಯಾವ ಬೋಲ್ಟ್ ಉದ್ದ, ಯಾವುದು ಗಿಡ್ಡ ಅನ್ನೋದು ಆಮೇಲೆ ಜಗಳ ಆಗುತ್ತದೆ.

ಬೋಲ್ಟಿಗೆ ಕೈ ಹಾಕೋ ಮೊದಲೇ ಗೇರ್‌ಬಾಕ್ಸ್ ಕೆಳಗೆ ಜಾಕಿ ಕೊಡಿ. ಜಾಕಿಗೂ ಗೇರ್‌ಬಾಕ್ಸಿಗೂ ನಡುವೆ ದಪ್ಪ ಮರದ ತುಂಡು ಇರಲೇಬೇಕು. ಗೇರ್‌ಬಾಕ್ಸ್ ಹೌಸಿಂಗ್ ಅಲ್ಯೂಮಿನಿಯಂ, ಕಬ್ಬಿಣದ ಮೂತಿ ನೇರ ತಾಗಿದರೆ ಬಿರುಕು ಬಿಡುತ್ತದೆ. ಇಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ಮಾತ್ರ ಜಾಕಿ ಕೊಡಬೇಡಿ. ಅದು ತಗಡು. ಒಳಗೆ ತಳದ ಹತ್ತಿರವೇ ಆಯಿಲ್ ಹೀರೋ ಜಾಲರಿ ಇರುತ್ತದೆ. ಚೇಂಬರ್ ಒಳಕ್ಕೆ ಹೋದರೆ ಜಾಲರಿ ಬಾಯಿ ಮುಚ್ಚಿ ಇಂಜಿನ್ನೇ ಸೀಜ್ ಆಗಬಹುದು. 1,000 ರೂಪಾಯಿ ಕೆಲಸಕ್ಕೆ ಹೋಗಿ ಇಂಜಿನ್ ಬಿಚ್ಚಿಸಿಕೊಂಡವರನ್ನ ನಾನು ನೋಡಿದ್ದೇನೆ.

ಜಾಕಿ ಎತ್ತಬೇಡಿ, ಭಾರ ತಗೊಳ್ಳಲಿ ಅಷ್ಟೇ. ರಬ್ಬರ್ ಮೇಲಿನ ಒತ್ತಡ ಹೋಯಿತು ಅಂತ ಕಣ್ಣಿಗೆ ಕಾಣುವಷ್ಟು, ಒಂದು ಬೆರಳು ಸಾಕು. ಜಾಸ್ತಿ ಎತ್ತಿದರೆ ರೇಡಿಯೇಟರ್ ಪೈಪ್, ಎಸಿ ಪೈಪ್, ವೈರಿಂಗ್, ಸೈಲೆನ್ಸರ್ ಎಲ್ಲವನ್ನೂ ಎಳೆದ ಹಾಗಾಗುತ್ತದೆ. ಬೋಲ್ಟ್ ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ, ರಬ್ಬರ್ ಮೇಲೆ ಬೀಳದ ಹಾಗೆ.

ಹೊಸದು ಕೂರಿಸುವಾಗ ತೂತು ಸೇರೋದಿಲ್ಲ. ಯಾವತ್ತೂ ಸೇರೋದಿಲ್ಲ. ಕೋಪ ಮಾಡಿಕೊಂಡು ಸುತ್ತಿಗೆ ತಗೊಳ್ಳಬೇಡಿ. ಜಾಕಿ ಒಂದು ಕೂದಲು ಮೇಲೆ, ಒಂದು ಕೂದಲು ಕೆಳಗೆ ಮಾಡುತ್ತಾ ಹೋಗಿ, ತಾನಾಗೇ ಬಂದು ಕೂರುತ್ತದೆ. ಎಲ್ಲಾ ಬೋಲ್ಟನ್ನೂ ಮೊದಲು ಬೆರಳಲ್ಲೇ ನಾಲ್ಕು ಸುತ್ತು ಹತ್ತಿಸಿ. ಬೆರಳಿಗೆ ಹತ್ತದ ಬೋಲ್ಟನ್ನ ಸ್ಪ್ಯಾನರ್‌ನಿಂದ ಹತ್ತಿಸಿದರೆ ಥ್ರೆಡ್ ಹೋಯಿತು ಅಂತ ತಿಳಿಯಿರಿ. ಜಾಕಿ ಇಳಿಸಿ, ಇಂಜಿನ್ ತನ್ನ ಜಾಗಕ್ಕೆ ಕೂತ ಮೇಲೆ ಕಡೆಯ ಟೈಟ್. ಎತ್ತಿ ಹಿಡಿದಾಗಲೇ ಪೂರ್ತಿ ಟೈಟ್ ಮಾಡಿದರೆ ರಬ್ಬರ್ ತಿರುಚಿಕೊಂಡೇ ಬದುಕಬೇಕಾಗುತ್ತದೆ, ಬೇಗ ಹರಿಯುತ್ತದೆ. ಟಾರ್ಕ್ ರೆಂಚ್ (ಎಷ್ಟು ಟೈಟ್ ಅಂತ ಅಳೆಯೋ ಸ್ಪ್ಯಾನರ್) ಯಾರದ್ದಾದರೂ ಸಿಕ್ಕರೆ ಮ್ಯಾನುಯಲ್ ಲೆಕ್ಕಕ್ಕೆ ಟೈಟ್ ಮಾಡಿ.

ಒಂದು ಸಲಕ್ಕೆ ಒಂದೇ ಮೌಂಟಿಂಗ್. ಎರಡು ಬಿಚ್ಚಿದರೆ ತೊಟ್ಟಿಲು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ.

ಹರಿಹರ_ಡೀಸೆಲ್

ಮೇಸ್ತ್ರಿ ಅಣ್ಣನ ಮಾತಿಗೆ ಒಂದೇ ತಕರಾರು. ಹಾಕೋದಾದರೆ ಮೂರನ್ನೂ ಒಟ್ಟಿಗೆ ಹಾಕಬೇಕು. ಒಂದು ಹೊಸದು ಎತ್ತರಕ್ಕೆ ನಿಂತಿರುತ್ತದೆ, ಹಳೇ ಎರಡು ಕುಸಿದಿರುತ್ತವೆ, ಇಂಜಿನ್ ಓರೆಯಾಗಿ ಕೂರುತ್ತದೆ. ನನ್ನ ಡೀಸೆಲ್ ಗಾಡಿಗೆ ಒಂದು ಹಾಕಿಸಿ ಆರು ತಿಂಗಳಿಗೆ ಇನ್ನೊಂದು ಹೋಯಿತು, ಮತ್ತಾರು ತಿಂಗಳಿಗೆ ಮೂರನೆಯದು. ಮೂರು ಸಲ ಲೇಬರ್ ಕೊಟ್ಟೆ. ಅಥವಾ ಪಾಲಿಯೂರಿಥೇನ್ (ರಬ್ಬರ್‌ಗಿಂತ ಗಟ್ಟಿ ಪ್ಲಾಸ್ಟಿಕ್) ಮೌಂಟಿಂಗ್ ಹಾಕಿಬಿಡಿ, ಜನ್ಮದಲ್ಲಿ ಮತ್ತೆ ಬಿಚ್ಚೋದು ಬೇಡ.

ಹಳೇ_ಮೇಸ್ತ್ರಿ

ಡೀಸೆಲ್ ಭಾರ ಬೇರೆ, ಏಟು ಬೇರೆ. ಲೇಬರ್ ಕೊಟ್ಟು ಮಾಡಿಸೋದಾದರೆ ಮೂರೂ ಒಟ್ಟಿಗೆ ಮಾಡಿಸಿ ಅನ್ನೋದು ಸರಿಯೇ. ಈ ತಮ್ಮ ತಾನೇ ಮಾಡುತ್ತಿದ್ದಾನೆ, ಚೆನ್ನಾಗಿರೋ ಡ್ರೈವರ್ ಸೈಡ್ ಮೌಂಟಿಂಗ್ ಯಾಕೆ ಎಸೆಯಬೇಕು?

ಪಾಲಿಯೂರಿಥೇನ್ ರೇಸ್ ಓಡಿಸೋರಿಗೆ. ಇಂಜಿನ್ ಅಲ್ಲಾಡಲ್ಲ, ಸರಿ. ಅದರ ಬದಲು ನೀವು ಅಲ್ಲಾಡುತ್ತೀರಿ.

ಕೋಟೆ_ವ್ಯಾಗನಾರ್

ಒಂದು ಮಾತು ಮರೆತಿದ್ದೆ. ಗೇರ್‌ಬಾಕ್ಸ್ ಕಡೆ ಒಂದು ಅರ್ಥಿಂಗ್ ವೈರ್ ಬಂದಿರುತ್ತದೆ, ಬ್ಯಾಟರಿ ಮೈನಸ್‌ನಿಂದ. ನನ್ನ ಗಾಡಿಯಲ್ಲಿ ಅದು ಮೌಂಟಿಂಗ್ ಪಕ್ಕದ ಬೋಲ್ಟಿಗೇ ಇತ್ತು. ಅಡ್ಡ ಬಂದರೆ ಬಿಚ್ಚುತ್ತೀರಿ, ವಾಪಸ್ ಹಾಕೋದು ಮರೆಯಬೇಡಿ. ಹಾಕುವಾಗ ತುಕ್ಕು ಉಜ್ಜಿ ಹೊಳೆಯೋ ಹಾಗೆ ಮಾಡಿ ಹಾಕಿ. ಅರ್ಥ್ ಸರಿ ಇಲ್ಲದೆ ಸೆಲ್ಫ್ ಹೊಡೆದರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ, ಗೇರ್ ಕೇಬಲ್, ಕ್ಲಚ್ ಕೇಬಲ್ ಬಿಸಿಯಾಗಿ ಸುಟ್ಟಿದ್ದೂ ಉಂಟು.

ನಿಟ್ಟುವಳ್ಳಿ17

ಆಯಿತು! ಭಾನುವಾರ ಬೆಳಿಗ್ಗೆ ಆರೂವರೆಗೆ ಶುರು ಮಾಡಿದೆ, ಎಂಟೂವರೆಗೆ ಮುಗಿಸಿ ಬೆಣ್ಣೆ ದೋಸೆ ತಿನ್ನೋಕೆ ಹೋಗೋದು ಅಂತ ತಂಗಿಗೆ ಮಾತು ಕೊಟ್ಟಿದ್ದೆ. ಮುಗಿದಾಗ ಹನ್ನೆರಡು ಗಂಟೆ. ದೋಸೆ ಸಂಜೆ ತಿಂದೆವು.

ಮರದ ತುಂಡು ಹುಡುಕಿ ಹುಡುಕಿ ಸಿಗದೆ ಅಡುಗೆಮನೆಯಿಂದ ಅಮ್ಮನ ಹಳೇ ಮಣೆ ಎತ್ತಿಕೊಂಡು ಬಂದೆ. ಅಮ್ಮ ಅಜ್ಜಿ ಕಾಲದ್ದು ಅಂತ ಬೈದರು. ಸಾಗುವಾನಿ, ಅಲ್ಲಾಡಲಿಲ್ಲ. ಬ್ಯಾಟರಿ ಟ್ರೇಯ ಒಂದು ಬೋಲ್ಟ್ ಪುಡಿ ತುಕ್ಕು ಹಿಡಿದಿತ್ತು, ಅದಕ್ಕೇ ಮುಕ್ಕಾಲು ಗಂಟೆ ಹೋಯಿತು. ಯೂಟ್ಯೂಬ್‌ನಲ್ಲಿ ಆ ಮುಕ್ಕಾಲು ಗಂಟೆ ತೋರಿಸೋದೇ ಇಲ್ಲ.

ಹಳೇ ಮೌಂಟಿಂಗ್ ಕೈಗೆ ಬಂದಾಗ ರಬ್ಬರ್ ಒಂದು ಕಡೆ ಪೂರ್ತಿ ಬಿಟ್ಟಿತ್ತು. ನಡುವಿನ ಕಬ್ಬಿಣವನ್ನ ಬೆರಳಲ್ಲಿ ಅಲ್ಲಾಡಿಸಬಹುದಿತ್ತು, ಹಾಲುಹಲ್ಲು ಅಲ್ಲಾಡೋ ಹಾಗೆ. ಹೊಸದು ಕಂಪನಿದೇ ತಂದಿದ್ದೆ. ಮೇಸ್ತ್ರಿ ಸರ್ ಹೇಳಿದ್ದು ಅಕ್ಷರಶಃ ನಿಜ, ತೂತು ಸೇರಲಿಲ್ಲ. ಒಂದು ಬೋಲ್ಟ್ ಹತ್ತಿದರೆ ಇನ್ನೊಂದು ಓರೆ. ಜಾಕಿ ಮೇಲೆ ಕೆಳಗೆ, ಮೇಲೆ ಕೆಳಗೆ. ಸುತ್ತಿಗೆ ಕೈಗೆ ತಗೊಂಡಿದ್ದೂ ನಿಜ, ಮೆಸೇಜ್ ನೆನಪಾಗಿ ಕೆಳಗಿಟ್ಟೆ. ಕಡೆಗೆ ತಂಗಿ ಜಾಕಿ ಹಿಡಿದಳು, ನಾನು ಮೇಲಿಂದ ಬೋಲ್ಟ್ ಹಿಡಿದೆ, ‘ಇನ್ನೊಂಚೂರು’ ಅನ್ನೋಷ್ಟರಲ್ಲಿ ಟಕ್ ಅಂತ ಕೂತಿತು.

ಎಲ್ಲಾ ಹಾಕಿ, ಬ್ಯಾಟರಿ ಕೂರಿಸಿ, ಕೀ ತಿರುಗಿಸಿದರೆ ‘ಕಟ್ ಕಟ್ ಕಟ್’. ಸೆಲ್ಫ್ ತಿರುಗಲಿಲ್ಲ. ಎದೆ ಹೊಡೆದುಕೊಂಡಿತು. ಅಪ್ಪ ಒಳಗಿಂದ ಬಂದು ಏನೂ ಮಾತಾಡದೆ ನೋಡಿ ವಾಪಸ್ ಹೋದರು. ಬೈದಿದ್ದರೆ ಪರವಾಗಿರಲಿಲ್ಲ. ಎರಡು ಸಲ ಹೊಡೆದ ಮೇಲೆ ನೆನಪಾಯಿತು, ಅರ್ಥಿಂಗ್ ವೈರ್! ಕೋಟೆ ಸರ್ ಬರೆದದ್ದನ್ನ ಹಿಂದಿನ ರಾತ್ರಿ ಎರಡು ಸಲ ಓದಿದ್ದೆ. ವೈರ್ ಅಲ್ಲೇ ಗಾಳಿಯಲ್ಲಿ ನೇತಾಡುತ್ತಿತ್ತು. ಉಜ್ಜಿ ಹಾಕಿದೆ, ಮೊದಲ ಸೆಲ್ಫಿಗೇ ಸ್ಟಾರ್ಟ್.

ರಿವರ್ಸ್ ಹಾಕಿ ಕ್ಲಚ್ ಬಿಟ್ಟೆ, ಸದ್ದಿಲ್ಲ. ಅಜ್ಜಿ ಈಗ ಏನೂ ಕೇಳುತ್ತಿಲ್ಲ. ನಿಂತಾಗಿನ ನಡುಕ ಅರ್ಧಕ್ಕರ್ಧ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮಂಗಳವಾರ ಪಿಟ್ ಇರೋ ಕಡೆ ಕೆಳಗಿನದನ್ನ ಹಾಕಿಸಿದೆ, 400 ಲೇಬರ್. ಜೊತೆಗೆ ಥ್ರಾಟಲ್ ಬಾಡಿ ಬಿಚ್ಚಿ ತೋರಿಸಿದರು, ಒಳಗೆ ಹೊಗೆಗೂಡಿನ ಹಾಗೆ ಕಪ್ಪು. ತೊಳೆದ ಮೇಲೆ ಎಸಿ ಹಾಕಿದರೆ ಇಂಜಿನ್ ತಗ್ಗೋದು ನಿಂತಿತು. ಅಂದರೆ ಪ್ಲಗ್ ಹಾಕಿಸಿ ಅಂದ ಎರಡನೇ ಗ್ಯಾರೇಜಿನವರೂ ಪೂರ್ತಿ ತಪ್ಪಲ್ಲ, ಮೂರೂ ಹೋಗಿವೆ ಅಂದ ಮೊದಲನೆಯವರೂ ಪೂರ್ತಿ ತಪ್ಪಲ್ಲ. ಎರಡು ಮೌಂಟಿಂಗ್, ಲೇಬರ್, ಸ್ಪ್ರೇ, ಕ್ಲೀನಿಂಗ್ ಎಲ್ಲಾ ಸೇರಿ ನಾಲ್ಕು ಸಾವಿರದ ಒಳಗೆ ಮುಗಿಯಿತು.

ಒಂದು ನಷ್ಟ ಮಾತ್ರ ಆಯಿತು. 14ರ ಸಾಕೆಟ್ ಕಾಣುತ್ತಿಲ್ಲ. ಮನೆಯೆಲ್ಲಾ ಹುಡುಕಿದೆ.

ಮಂಡಕ್ಕಿ_ಮಿರ್ಚಿ

10ರದ್ದು ಕಳೆಯೋದು ಲೋಕರೂಢಿ. 14ರದ್ದು ಕಳೆದುಕೊಂಡಿದ್ದೀರಿ ಅಂದರೆ ನೀವು ಬೇರೆ ಲೆವೆಲ್ಲು. ಅಮ್ಮನ ಮಣೆ ತೊಳೆದು ವಾಪಸ್ ಇಟ್ಟಿರಾ?

ಹಳೇ_ಮೇಸ್ತ್ರಿ

ಚೆನ್ನಾಗಿ ಮಾಡಿದಿರಿ ತಮ್ಮಾ. 500 ಕಿ.ಮೀ. ಓಡಿದ ಮೇಲೆ ಒಂದು ಸಲ ಬೋಲ್ಟ್ ಮುಟ್ಟಿ ನೋಡಿ. ಹೊಸಾ ರಬ್ಬರ್ ಮೊದಮೊದಲು ಸ್ವಲ್ಪ ಬಿಗಿ ಇರುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ನಿಮ್ಮ ತಂಗಿಗೆ ಕೆಲಸ ಬೇಕಿದ್ದರೆ ಹೇಳಿ, ನನ್ನ ಹಳೇ ಗ್ಯಾರೇಜಿನಲ್ಲಿ ಇಷ್ಟು ತಾಳ್ಮೆಯಿಂದ ಜಾಕಿ ಹಿಡಿಯೋ ಹುಡುಗರು ಸಿಗುತ್ತಿಲ್ಲ.

ನಿಟ್ಟುವಳ್ಳಿ17

ಹತ್ತು ದಿನ ಆದ ಮೇಲೆ ಮತ್ತೆ ಬಂದೆ. ನಿನ್ನೆಯಿಂದ ಹಂಪ್ ಹತ್ತಿ ಇಳಿದಾಗಲೆಲ್ಲ ಮುಂದುಗಡೆಯಿಂದ ‘ಟಣ್’ ಅಂತ ಶಬ್ದ. ಡ್ರೈವರ್ ಸೈಡಿನ ಮೌಂಟಿಂಗ್ ಕೂಡ ಹೋಯಿತು, ಹರಿಹರದ ಅಣ್ಣ ಹೇಳಿದ್ದೇ ನಿಜ ಆಯಿತು ಅಂತ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಂಗಡಿಯಲ್ಲಿ ರೇಟ್ ಕೂಡ ಕೇಳಿ ಬಂದೆ.

ಇವತ್ತು ಬೆಳಿಗ್ಗೆ ಬೋಲ್ಟ್ ಮುಟ್ಟಿ ನೋಡೋಣ ಅಂತ ಟಾರ್ಚ್ ಹಿಡಿದು ಬಗ್ಗಿದರೆ, ಗೇರ್‌ಬಾಕ್ಸ್ ಕೆಳಗೆ ಕಬ್ಬಿಣದ ಚೌಕಟ್ಟಿನ (ಸಬ್‌ಫ್ರೇಮ್) ಮೂಲೆಯಲ್ಲಿ ನನ್ನ 14ರ ಸಾಕೆಟ್ ಮಲಗಿದೆ.